ಮಾಡ್ಕೊಳ್ಳೂದೋ, ತೊಗೊಳ್ಳೂದೋ

ಮೆಟುಚೆನ್‌ನ ನಮ್ಮ ಮನೆಯಲ್ಲಿ ಎರಡು ಕನ್ನಡಗಳಿದ್ದವು. ಅಡುಗೆಮನೆಯಲ್ಲಿ ಅಮ್ಮನ ಮೈಸೂರು ಕನ್ನಡ, ಬೇಸ್‌ಮೆಂಟಿನಲ್ಲಿ ಅಪ್ಪನ ಧಾರವಾಡದ ಕನ್ನಡ. ನಡುವಿನ ಮೆಟ್ಟಿಲ ಮೇಲೆ ಕುಳಿತು ನಾನು ಇಬ್ಬರಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಮನೆ ಚಿಕ್ಕದು. ರೈಲು ಹಳಿ ಹಿಂದಿನ ಬೀದಿಯಲ್ಲೇ ಇದ್ದುದರಿಂದ ನ್ಯೂಯಾರ್ಕಿಗೆ ಹೋಗುವ ಗಾಡಿ ಬಂದಾಗಲೆಲ್ಲ ಸ್ಟೀಲ್ ತಟ್ಟೆಗಳ ಸ್ಟ್ಯಾಂಡು ಸಣ್ಣಗೆ ನಡುಗುತ್ತಿತ್ತು. ನನಗೆ ಎಲ್ಲವನ್ನೂ ಬರೆದಿಡುವ ಚಟ. ಯಾವ ವಾರ ಹಿಮ ಬಿತ್ತು, ಹಿತ್ತಲಿಗೆ ಎಷ್ಟು ಕೆಂಪು ಹಕ್ಕಿ ಬಂದವು, ಅಮ್ಮ ಯಾವಾಗ ಬಿಸಿಬೇಳೆಬಾತ್ ಮಾಡಿದಳು, ಎಲ್ಲಕ್ಕೂ ತಾರೀಖು ಹಾಕಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಆಗ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಬರೆಯಲು ಕಲಿತದ್ದು ಆಮೇಲೆ, ಅದಕ್ಕೂ ಈ ಕತೆಗೂ ಸಂಬಂಧವಿದೆ. ಬೇಸ್‌ಮೆಂಟಿನಲ್ಲಿ ಹಿಂದಿನ ಮಾಲೀಕ ಬಿಟ್ಟುಹೋದ ಉದ್ದನೆಯ ಮರಗೆಲಸದ ಮೇಜಿತ್ತು. ಅಪ್ಪ ವಾರಾಂತ್ಯದಲ್ಲಿ ಅಲ್ಲಿ ಮಣೆ, ಚಪ್ಪಲಿ ಸ್ಟ್ಯಾಂಡು, ದೇವರ ಮಂಟಪ ಎಲ್ಲ ಮಾಡುತ್ತಿದ್ದ. ವಾರದ ದಿನಗಳಲ್ಲಿ, ನ್ಯೂಯಾರ್ಕಿಗಿಂತ ಮುಂಚೆ ಸಿಗುವ ನ್ಯೂವರ್ಕ್ ಎಂಬ ಊರಿಗೆ ರೈಲಿನಲ್ಲಿ ಹೋಗಿ, ಕಟ್ಟಡಗಳ ಲಿಫ್ಟುಗಳ ತಪಾಸಣೆ ವರದಿಗಳನ್ನು ಓದಿ ಸಹಿ ಹಾಕುವ ಕೆಲಸ.

ನಾನು ಐದನೇ ಗ್ರೇಡಿಗೆ ಬಂದ ವರ್ಷ ಅಪ್ಪ ನಿಂತುಹೋದ. ಹೀಗಲ್ಲದೆ ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಕೆಲಸ ಹೋಗಿರಲಿಲ್ಲ, ಯಾರೂ ತೀರಿಕೊಂಡಿರಲಿಲ್ಲ, ಅಮ್ಮನೊಂದಿಗೆ ಜಗಳವೂ ಇರಲಿಲ್ಲ. ಬೆಳಿಗ್ಗೆ ಎದ್ದು ಶೇವ್ ಮಾಡಿ ರೈಲು ಹತ್ತಿ ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಬಂದವನು ಕೋಟು ತೆಗೆಯದೆ ಸೋಫಾದ ಅಂಚಿನಲ್ಲಿ ಕುಳಿತಿರುತ್ತಿದ್ದ. ಅಮ್ಮ "ಕೋಟು ತೆಗೀರಿ" ಅಂದಮೇಲೆ ತೆಗೆಯುತ್ತಿದ್ದ. ಒಂದು ದಿನ ಅಮ್ಮ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ನಾನು ಒಂದು ತುತ್ತಿಗೇ ಮುಖ ಹಿಂಡಿದೆ. ಅಪ್ಪ ತಟ್ಟೆ ಖಾಲಿ ಮಾಡಿ ಎದ್ದು ಹೋದ. ಅಮ್ಮ ಆ ಖಾಲಿ ತಟ್ಟೆಯನ್ನು ಸಿಂಕಿನಲ್ಲಿಡದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದಳು. ಇನ್ನೊಂದು ಸಂಜೆ ಅಪ್ಪ ಬರಲೇ ಇಲ್ಲ. ಫೋನ್ ಮಾಡಿದರೆ ಟ್ರೆಂಟನ್‌ನಲ್ಲಿದ್ದ, ಲೈನಿನ ಕೊನೆಯ ಸ್ಟೇಷನ್ನಿನಲ್ಲಿ.

"ನಿದ್ದೆ ಬಂದ್ಬಿಡ್ತಾ?" ಅಂತ ಅಮ್ಮ ಕೇಳಿದಳು.

"ಇಲ್ಲ. ಎಚ್ಚರ ಇದ್ದೆ. ಇಳಿಯೂದು ಮರ್ತೆ."

ಅಮ್ಮ ಮತ್ತೇನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ ಇತ್ತು, ಊಟ ಆಯಿತಾ ಎನ್ನುವುದು. ಮೈಸೂರಿನಿಂದ ದೊಡ್ಡಮ್ಮ ಅದನ್ನೇ ಕೇಳುತ್ತಿದ್ದಳು, ಧಾರವಾಡದಿಂದ ಕಾಕಾ ಅದನ್ನೇ ಕೇಳುತ್ತಿದ್ದರು. ಅಪ್ಪ ಎಲ್ಲರಿಗೂ ಆಯಿತು ಅನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಶಾಲೆ ಶುರುವಾಗಿ ಕೆಲವು ವಾರಗಳಾದ ಮೇಲೆ ಅಪ್ಪನ ಆಫೀಸಿನ ಗ್ಯಾರಿ ಎನ್ನುವವನು ಒಂದು ಶನಿವಾರ ಅಪ್ಪನನ್ನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದ. ಗ್ಯಾರಿ ದೊಡ್ಡ ಹೊಟ್ಟೆಯ, ಮೆತ್ತಗೆ ಮಾತಾಡುವ ಮನುಷ್ಯ. ಅಮ್ಮನ ನಿಂಬೆ ಉಪ್ಪಿನಕಾಯಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದ. ಕ್ಲಬ್ಬು ಪಶ್ಚಿಮದ ಕಡೆ, ಹೊಲಗಳು ಶುರುವಾಗುವಲ್ಲಿ. ಅವತ್ತು ರಾತ್ರಿ ಊಟಕ್ಕೆ ಕುಳಿತ ಅಪ್ಪ ತಾನಾಗಿಯೇ ಬಾಯಿಬಿಟ್ಟ. ಗ್ಯಾರಿಯ ರೈಫಲ್ಲು ಹಳೇ ಕಾಲದ ಮಾದರಿಯದಂತೆ, ಮದ್ದನ್ನು ನಳಿಗೆಯ ಬಾಯಿಂದಲೇ ತುಂಬಬೇಕಂತೆ, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಸಾವಕಾಶ ಬೇಕಂತೆ, ಹೊಗೆ ಬರುತ್ತದಂತೆ. ಧಾರವಾಡದ ಮನೆಯಲ್ಲಿ ತನ್ನ ಮುತ್ತ್ಯಾನ, ಅಂದರೆ ಅಜ್ಜನ ಬಳಿ ಅಂಥದ್ದೇ ಒಂದು ಇದ್ದು, ಬಾಗಿಲ ಹಿಂದೆ ತುಕ್ಕು ಹಿಡಿದು ನಿಂತಿತ್ತಂತೆ. ಅಪ್ಪ ಮಾತಾಡುತ್ತಿದ್ದಾಗ ಅಮ್ಮ ಸಾರಿನ ಸೌಟನ್ನು ಪಾತ್ರೆಯ ಮೇಲೇ ಹಿಡಿದಿದ್ದಳು, ಸದ್ದು ಮಾಡಿದರೆ ಮಾತು ನಿಂತುಬಿಡುತ್ತದೆ ಎನ್ನುವ ಹಾಗೆ.

"ಗ್ಯಾರಿ ಏನಂತಾನ ಗೊತ್ತೇನು? ಮೊದಲನೇ ರೈಫಲ್ ನೀನs ಮಾಡ್ಕೋ ಅಂತಾನ. ಪೆನ್ಸಿಲ್ವೇನಿಯಾದಾಗ ಕಿಟ್ ಸಿಗ್ತದಂತ. ನಳಿಗಿ ಅವರs ಕೊಡ್ತಾರ, ಕಟಗಿ ನಾವು ಕೆತ್ಕೋಬೇಕು."

"ರೆಡಿಮೇಡ್ ಸಿಗಲ್ವಾ?" ಅಂತ ಅಮ್ಮ.

"ಸಿಗ್ತದ. ಅದs ವಿಚಾರ. ಮಾಡ್ಕೊಳ್ಳೂದೋ, ತೊಗೊಳ್ಳೂದೋ?"

ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಇದೇ ಮಾತು. ನಮ್ಮ ರಾಜ್ಯದಲ್ಲಿ ಮನೆಯಲ್ಲಿ ರೈಫಲ್ ಇಡಬೇಕಾದರೆ ಪೊಲೀಸ್ ಸ್ಟೇಷನ್ನಿನ ಮೂಲಕ ಒಂದು ಕಾರ್ಡು ತೆಗೆದುಕೊಳ್ಳಬೇಕು, ಪರಿಚಯದವರಿಬ್ಬರು ಇವನು ಸರಿಯಾದ ಮನುಷ್ಯ ಎಂದು ಹೇಳಬೇಕು. ಗ್ಯಾರಿ ಒಬ್ಬ. ಇನ್ನೊಬ್ಬರು ಎಡಿಸನ್‌ನ ಪ್ರಾಣೇಶ್ ಅಂಕಲ್, ಅಪ್ಪನಿಗೆ ಕನ್ನಡ ಕೂಟದಿಂದ ಪರಿಚಯವಾದ ಬೆಂಗಳೂರಿನವರು. ಅರ್ಜಿ ಹೋಯಿತು. ಕಾರ್ಡು ಬರುವುದರೊಳಗೆ ಏನನ್ನು ತರಬೇಕು ಎಂದು ತೀರ್ಮಾನಿಸಬೇಕಿತ್ತು. ಅಪ್ಪ ನನ್ನನ್ನು ಬೇಸ್‌ಮೆಂಟಿಗೆ ಕರೆದು, "ಚಾರೂ, ನೀ ಬರಿಯೂದ್ರಾಗ ಶಾಣ್ಯಾ ಇದ್ದಿ. ಎರಡೂ ಕಡೆದ್ದು ಬರಿ," ಅಂದ. ನಾನು ಡೈರಿಯ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಬಿಲ್ಡ್, ಬಲಕ್ಕೆ ಬೈ ಅಂತ ಬರೆದೆ. ಮಾಡಿಕೊಂಡರೆ ಅಪ್ಪನ ಭುಜಕ್ಕೆ ಸರಿಹೋಗುತ್ತದೆ, ಚಳಿಗಾಲವಿಡೀ ಕೆಲಸ ಸಿಗುತ್ತದೆ. ತೆಗೆದುಕೊಂಡರೆ ಕೆಟ್ಟಾಗ ಹಿಂತಿರುಗಿಸಬಹುದು, ನಾಳೆಯೇ ಉಪಯೋಗಿಸಬಹುದು. 'ನಾಳೆಯೇ' ಎಂದು ಬರೆದು ಕೆಳಗೆ ಗೆರೆ ಎಳೆದವಳು ನಾನೇ. ಅಪ್ಪ ಮೇಜಿನ ಮೇಲೆ ಮೊಣಕೈಯೂರಿ ಕೇಳುತ್ತಿದ್ದ. ಅವನ ಮುಖದಲ್ಲಿ ಸಂತೋಷವಿತ್ತು ಎಂದು ಹೇಳಲಾರೆ. ಆದರೆ ಅವನು ಕೋಟು ತೆಗೆದಿದ್ದ, ಯಾರೂ ಹೇಳದೆ.

ಆಯುಧಪೂಜೆಯ ದಿನ ಪ್ರಾಣೇಶ್ ಅಂಕಲ್ ಮತ್ತು ಆಂಟಿ ಊಟಕ್ಕೆ ಬಂದಿದ್ದರು. ಹಾಲ್‌ನಲ್ಲಿ ಮಣೆ ಹಾಕಿ ಅಮ್ಮ ಮಿಕ್ಸಿ, ಲ್ಯಾಪ್‌ಟಾಪ್, ಹಿಮ ತೆಗೆಯುವ ಸಲಿಕೆ, ನನ್ನ ಪೆನ್ಸಿಲ್ ಡಬ್ಬಿ ಎಲ್ಲಕ್ಕೂ ಕುಂಕುಮ ಹಚ್ಚಿಟ್ಟಿದ್ದಳು. ಅಪ್ಪ ಕೆಳಗಿನಿಂದ ಉಳಿ, ಸುತ್ತಿಗೆಗಳ ಜೊತೆ ಆ ಪೆನ್ಸಿಲ್ವೇನಿಯಾದ ಕ್ಯಾಟಲಾಗನ್ನೂ ತಂದು ಇಟ್ಟ, ರೈಫಲಿನ ಚಿತ್ರವಿದ್ದ ಪುಟ ತೆರೆದು.

"ಏನಯ್ಯಾ ಇದು? ನಮ್ಮೂರಲ್ಲಿ ಆಯುಧಪೂಜೆ ಅಂದ್ರೆ ಒಂದು ಸ್ಕ್ರೂಡ್ರೈವರ್, ಒಂದು ಈಳಿಗೆಮಣೆ. ನೀನು ನಿಜವಾದ ಆಯುಧಾನೇ ಇಡೋಕೆ ಹೊರಟಿದೀಯ!" ಅಂಕಲ್ ಜೋರಾಗಿ ನಕ್ಕರು. "ಬಟ್ ಲಿಸನ್ ಟು ಮಿ. ತಗೊಂಡ್ಬಿಡು. ಕೈಯಲ್ಲಿ ಮಾಡಿದ್ದಕ್ಕೆ ವಾರಂಟಿ ಯಾರು ಕೊಡ್ತಾರೆ?"

"ನಿನ್ನ ಮನಿ ಹಿತ್ತಲದಾಗಿನ ಕಟಗಿ ಡೆಕ್ಕು ಮಾಡಿಕೊಟ್ಟಾಗ ವಾರಂಟಿ ಕೇಳಿದ್ಯೇನು?" ಅಂದ ಅಪ್ಪ.

"ಅದಕ್ಕೇ ಅಲ್ವಾ, ನಾವು ಡೆಕ್ ಮೇಲೆ ಒಬ್ಬೊಬ್ಬರಾಗೇ ನಿಂತ್ಕೊಳೋದು!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಗಂಟಲಿನಿಂದ ಒಂದು ಸದ್ದು ಬಂತು. ಅಮ್ಮ ಮಂಗಳಾರತಿ ತಟ್ಟೆ ಎತ್ತಿಕೊಳ್ಳಲು ಬಗ್ಗಿದವಳು ಕ್ಯಾಟಲಾಗನ್ನು ಮಡಚಿ ಟಿವಿಯ ಹಿಂದೆ ಇಟ್ಟಳು. ಅಪ್ಪ ನೋಡಿದ. ಅತಿಥಿಗಳು ಹೋದಮೇಲೆ ಅಡುಗೆಮನೆಯಲ್ಲಿ ಇಬ್ಬರ ನಡುವೆ ಮಾತಾಯಿತು. ಅಪ್ಪ, "ಬ್ಯಾಡಂದ್ರ ಬ್ಯಾಡ ಅನ್ನು," ಅಂದ. ಅಮ್ಮ, "ಬೇಡ ಅಂದ್ನಾ ನಾನು? ದೇವರ ಮುಂದೆ ಬೇಡ ಅಂದೆ," ಅಂದಳು. ಅಷ್ಟೇ. ನಮ್ಮ ಮನೆಯ ಜಗಳಗಳು ಆ ವರ್ಷ ಎರಡು ವಾಕ್ಯ ದಾಟುತ್ತಿರಲಿಲ್ಲ.

ಅಮ್ಮನ ಕಷ್ಟ ನನಗೆ ಈಗ ಕಾಣುತ್ತದೆ. ಎಷ್ಟೋ ತಿಂಗಳ ಮೇಲೆ ಗಂಡ ಒಂದನ್ನು ಬೇಕು ಅಂದಿದ್ದಾನೆ. ಅದು ಹಾರ್ಮೋನಿಯಂ ಆಗಿದ್ದರೆ, ಸೈಕಲ್ಲಾಗಿದ್ದರೆ, ಅವಳು ಅವತ್ತೇ ತಂದುಕೊಡುತ್ತಿದ್ದಳು. ಬೇಡ ಅಂದರೆ ಅವನ ಬಾಯಿಂದ ಬಂದ ಆ ಒಂದು ಬೇಕೂ ಹೋಗುತ್ತದೆ. ಬೇಕು ಅಂದರೆ ಅದು ಮನೆಯೊಳಗೆ ಬಂದು ಅವನ ಜೊತೆ ಇರುತ್ತದೆ. ಹಾಗಾಗಿ ಅವಳು ಅಪ್ಪನ ಎದುರು ಬರೀ ಮಾಡುವುದು, ಕೊಳ್ಳುವುದರ ಬಗ್ಗೆಯೇ ಮಾತಾಡಿದಳು. ಮೂರನೆಯದನ್ನು ಫೋನಿನಲ್ಲಿ ಮೈಸೂರಿನ ದೊಡ್ಡಮ್ಮನ ಹತ್ತಿರ ಆಡಿದಳು.

ಅದು ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರದ ಬೆಳಿಗ್ಗೆ. ಅಪ್ಪ ಎಲೆ ಗುಡಿಸಲು ಹಿತ್ತಲಿಗೆ ಹೋಗಿದ್ದ. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಡೈರಿ ಹಿಡಿದು ಕುಳಿತಿದ್ದೆ. ದೊಡ್ಡಮ್ಮ ಏನೋ ಕೇಳಿದಳು, ಅಮ್ಮ ಹೆಚ್ಚುವುದು ನಿಲ್ಲಿಸದೆ ಹೇಳಿದಳು:

"ಅದೇ ಭಯ ಅಕ್ಕ ನಂಗೆ. ಇವರು ಮನೇಲೇ ಏನಾದ್ರೂ ಮಾಡ್ಕೊಂಡ್ರೆ?"

ಈ ವಾಕ್ಯ ನನಗೆ ಪೂರ್ತಿ ಅರ್ಥವಾಯಿತು, ಅಥವಾ ಹಾಗಂತ ಅಂದುಕೊಂಡೆ. ನಮ್ಮ ಮನೆಯಲ್ಲಿ ಮಾಡಿಕೊಳ್ಳುವುದು ಎಂದರೆ ಮಾಡಿಕೊಳ್ಳುವುದು. ಹೋಮ್‌ವರ್ಕ್ ಮಾಡ್ಕೋ, ಸ್ಯಾಂಡ್‌ವಿಚ್ ಮಾಡ್ಕೋ, ಜಡೆ ನೀನೇ ಮಾಡ್ಕೋ. ಅಪ್ಪ ಮನೆಯಲ್ಲೇ ರೈಫಲ್ ಮಾಡಿಕೊಂಡರೆ ಸರಿಯಾಗಿ ಬರುವುದಿಲ್ಲ ಎಂದು ಅಮ್ಮನಿಗೆ ಭಯ. ಪ್ರಾಣೇಶ್ ಅಂಕಲ್ ಮನೆಯ ಡೆಕ್ ನೆನಪಾಗಿ ನನಗೆ ನಗುವೂ ಬಂತು. ಇಷ್ಟು ದಿನ ಅಮ್ಮನ ಅಭಿಪ್ರಾಯ ಸಿಕ್ಕಿರಲಿಲ್ಲ, ನನ್ನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಖಾಲಿ ಇತ್ತು. ಬಲಗಡೆ ಬರೆದುಕೊಂಡೆ.

ಮಾರನೆಯ ದಿನ, ಭಾನುವಾರ, ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಇತ್ತು. ಅಮ್ಮನಿಗೆ ರೊಟ್ಟಿ ತಟ್ಟಲು ಬಾರದು. ಎಡಿಸನ್‌ನ ಅಂಗಡಿಯಿಂದ ಪ್ಯಾಕೆಟ್ ತಂದಿದ್ದಳು. ಅಪ್ಪ ಅದನ್ನು ಮುರಿಯುತ್ತಿದ್ದ. ನಾನು ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಫಲಿತಾಂಶ ಓದಿದೆ.

"ಓಕೆ, ಫೈನಲ್ ರಿಸಲ್ಟ್. ಗ್ಯಾರಿ, ಬಿಲ್ಡ್. ಪ್ರಾಣೇಶ್ ಅಂಕಲ್, ಬೈ. ಅಮ್ಮ, ಬೈ."

"ನಾನ್ಯಾವಾಗ ಹೇಳ್ದೆ?" ಅಂದಳು ಅಮ್ಮ.

"ದೊಡ್ಡಮ್ಮಂಗೆ ಹೇಳಿದೆಯಲ್ಲ. ಅಪ್ಪ, ಶಿ ಈಸ್ ಸ್ಕೇರ್ಡ್. ನೀನು ಮನೇಲೇ ಏನಾದ್ರೂ ಮಾಡ್ಕೊಂಡ್ರೆ ಅಂತ."

ರೈಲು ಬಂತು, ತಟ್ಟೆಗಳು ನಡುಗಿದವು, ಹೋಯಿತು. ಅಪ್ಪ ಮುರಿದ ರೊಟ್ಟಿಯ ತುಂಡನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟ. ಅಮ್ಮ ಕೂರಲಿಲ್ಲ. ಎಣ್ಣೆಗಾಯಿಯ ಬಟ್ಟಲು ಅವಳ ಕೈಯಲ್ಲಿತ್ತು.

"ಹಂಗ ಅಂದಿ ಏನು?" ಅಂತ ಅಪ್ಪ ಕೇಳಿದ. ಸಿಟ್ಟಿನಿಂದಲ್ಲ.

"ಅಂದೆ."

"ಎಲ್ಲಾರೂ ಊಟ ಆತೇನು ಅಂತ ಕೇಳ್ತಾರ. ಇದನ್ನ ಯಾರೂ ಕೇಳಿಲ್ಲ ನೋಡು."

ಅಮ್ಮ ಬಟ್ಟಲನ್ನು ಕೆಳಗಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು, ಒಳಗೆ ಹೋಗು ಅನ್ನುತ್ತಾಳೆ ಅಂದುಕೊಂಡೆ, ಅನ್ನಲಿಲ್ಲ. ಬಹುಶಃ ಆ ಕ್ಷಣ ತಪ್ಪಿದರೆ ಮತ್ತೆ ಕೇಳಲಾಗುವುದಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

"ಈಗ ಕೇಳ್ತಿದೀನಿ. ಮಾಡ್ಕೋತೀರಾ?"

ಅಪ್ಪ ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಅವನು ಗುಡಿಸಿ ಗುಡ್ಡೆ ಹಾಕಿದ್ದ ಎಲೆ ಗಾಳಿಗೆ ಮತ್ತೆ ಹರಡಿತ್ತು.

"ಗೊತ್ತಿಲ್ಲ ಸುಮಾ. ಖರೇ ಹೇಳ್ಬೇಕಂದ್ರ, ಗೊತ್ತಿಲ್ಲ."

ಅವನಿನ್ನೂ ತೀರ್ಮಾನಿಸಿಲ್ಲ ಎಂದುಕೊಂಡು ನಾನು ಸಮಾಧಾನ ಹೇಳಿದೆ. "ಇಟ್ಸ್ ಓಕೆ ಅಪ್ಪ. ಅರ್ಜೆಂಟ್ ಏನಿಲ್ಲ. ಕಾರ್ಡ್ ಬರೋವರೆಗೂ ಟೈಮ್ ಇದೆ."

ಅಪ್ಪ ನನ್ನ ಮುಖ ನೋಡಿದ. ಅವನ ಬಾಯಿ ಅಲುಗಿತು, ಅಳು ಬರಲಿಲ್ಲ. ಆ ವರ್ಷ ಅವನಿಗೆ ಅಳುವೂ ಬರುತ್ತಿರಲಿಲ್ಲ. ಅಮ್ಮ ಅವನ ಹಿಂದೆ ಹೋಗಿ ನಿಂತು, ಎಣ್ಣೆಗಾಯಿ ಮೆತ್ತಿದ ಕೈಯನ್ನೇ ಅವನ ತಲೆಯ ಮೇಲೆ ಇಟ್ಟಳು. ಹಾಗೇ ಇಟ್ಟುಕೊಂಡು ನನಗೆ, "ಚಾರೂ, ಊಟ ಮಾಡು," ಅಂದಳು. ನಾನು ಮಾಡಿದೆ. ಬದನೆಕಾಯಿ ಚೆನ್ನಾಗಿತ್ತು. ನನಗೆ ನೆನಪಿರುವುದರಲ್ಲಿ ವಿಚಿತ್ರವಾದದ್ದು ಇದೇ, ಏನೂ ಆಗಿಲ್ಲ ಎನ್ನುವ ಹಾಗೆ ಆ ಊಟದಲ್ಲಿ ನಾನು ಎರಡನೇ ಸಲ ಬಡಿಸಿಕೊಂಡದ್ದು.

ಆ ಮಾತಿನ ಇನ್ನೊಂದು ಅರ್ಥ ನನಗೆ ತಿಳಿದದ್ದು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಪ್ರಾಣೇಶ್ ಅಂಕಲ್ ಬೆಂಗಳೂರಿನ ಯಾವುದೋ ಗೆಳೆಯನ ಸುದ್ದಿ ಹೇಳುತ್ತ, "ಪಾಪ, ಏನೋ ಮಾಡ್ಕೊಂಡ್ಬಿಟ್ಟ," ಅಂದರು. "ಏನು ಮಾಡ್ಕೊಂಡ?" ಅಂತ ನಾನು ಕೇಳಿದೆ. ಕೋಣೆಯಲ್ಲಿದ್ದ ದೊಡ್ಡವರೆಲ್ಲ ತಮ್ಮ ತಮ್ಮ ಕಾಫಿ ಲೋಟ ನೋಡಿಕೊಂಡರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ವಿವರಿಸಿದಳು, ಇಂಗ್ಲಿಷ್ ಬಳಸಲಿಲ್ಲ. ಸಾಯುವುದು ಎಂಬ ಶಬ್ದವನ್ನೂ ಬಳಸಲಿಲ್ಲ, ಆದರೂ ತಿಳಿಯಿತು. ಆ ಚಳಿಗಾಲವೇ ನಾನು ಕೂಟದ ಕನ್ನಡ ಕ್ಲಾಸಿಗೆ ಸೇರಿದೆ. ಮನೆಯವರು ಆಡುವ ಮಾತಿನಲ್ಲಿ ಇನ್ನೇನೇನು ಇದೆಯೋ ಎಂದು ಭಯವಾಗಿತ್ತು.

ಆದರೆ ಆ ಭಾನುವಾರಕ್ಕೆ ಮರಳಿದರೆ, ನನಗೆ ಕಂಡದ್ದು ಇಷ್ಟು. ಸಂಜೆ ಅಪ್ಪ ಅಮ್ಮ ಕಾರಿನೊಳಗೆ ಕುಳಿತು ಮಾತಾಡಿದರು, ಕಾರು ಡ್ರೈವ್‌ವೇ ಬಿಟ್ಟು ಹೋಗಲಿಲ್ಲ. ಅಮ್ಮ ಸೋಮವಾರ ಕೆಲಸಕ್ಕೆ ರಜೆ ಹಾಕಿ ಅಪ್ಪನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅಪ್ಪ ಪಕ್ಕದ ಸೀಟಿನಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಗುಳಿಗೆ ಕೊಟ್ಟರು, ಅದು ಆಗಿಬರಲಿಲ್ಲ, ಇನ್ನೊಂದು ಕೊಟ್ಟರು. ವಾರಕ್ಕೊಮ್ಮೆ ಯಾರೊಂದಿಗೋ ಮಾತಾಡಲು ಹೋಗುತ್ತಿದ್ದ. ಕಾರ್ಡಿನ ಅರ್ಜಿಯನ್ನು ಅಪ್ಪನೇ ಹಿಂದಕ್ಕೆ ತೆಗೆದುಕೊಂಡ. ಗ್ಯಾರಿಗೆ ಅಪ್ಪ ಏನು ಹೇಳಿದನೋ ತಿಳಿಯದು. ಅವನು ಒಂದು ಸಂಜೆ ಬಂದು, ಉಪ್ಪಿನಕಾಯಿ ಬ್ರೆಡ್ಡು ತಿಂದು, ಕ್ಲಬ್ಬಿನ ರೈಫಲ್ ಕ್ಲಬ್ಬಿನಲ್ಲೇ ಇರುತ್ತದೆ, ಅದಕ್ಕೆ ಅವಸರವಿಲ್ಲ ಅಂದ. ಅಪ್ಪ ಗುಣವಾದ ಎಂದು ಯಾವ ದಿನವನ್ನೂ ಬೊಟ್ಟು ಮಾಡಿ ತೋರಿಸಲಾರೆ. ತಾರೀಖು ಹಾಕುವ ನನಗೆ ಅದು ಬಹಳ ಕಿರಿಕಿರಿ ಮಾಡಿತು. ಒಳ್ಳೆಯ ವಾರದ ನಂತರ ಕೆಟ್ಟ ವಾರ ಬರುತ್ತಿತ್ತು. ಅಮ್ಮ ಆ ದಿನಗಳಲ್ಲಿ ನಿದ್ದೆ ಮಾಡುತ್ತಿದ್ದಳೋ ಇಲ್ಲವೋ, ಅವಳು ಮಲಗಿದ್ದನ್ನು ನಾನು ಕಂಡಿಲ್ಲ. ನಾನು ಏಳುವಾಗ ಎದ್ದಿರುತ್ತಿದ್ದಳು, ಮಲಗುವಾಗಲೂ ಎದ್ದಿರುತ್ತಿದ್ದಳು. ಬಚ್ಚಲ ಬಾಗಿಲು ಹೆಚ್ಚು ಹೊತ್ತು ಮುಚ್ಚಿದ್ದರೆ, "ಟವೆಲ್ ಬೇಕಾ?" ಅಂತ ಕೂಗುತ್ತಿದ್ದಳು.

ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಡಾಕ್ಟರು ರೈಫಲ್ ಹಿಡಿಯಬಹುದು ಅಂದರು, ಆದರೆ ಒಬ್ಬನೇ ಬೇಡ, ಮನೆಗೆ ತರುವುದು ಬೇಡ. ಅಪ್ಪ ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗತೊಡಗಿದ. ಗ್ಯಾರಿ ಪಕ್ಕದಲ್ಲಿರುತ್ತಿದ್ದ. ಅಮ್ಮನೂ ಪ್ರತಿ ಶನಿವಾರ ಜೊತೆಗೆ ಹೊರಡುತ್ತಿದ್ದಳು, ನಾನು ಹಿಂದಿನ ಸೀಟಿನಲ್ಲಿ. ಅವಳು ಒಳಗೆ ಹೋಗುತ್ತಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಡ್ರೈವರ್ ಸೀಟಿಗೆ ಸರಿದು, ಕಾರಿನ ಹೀಟರ್ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಆಚೆ ಮರಗಳ ಹಿಂದಿನಿಂದ ಸದ್ದು ಬರುತ್ತಿತ್ತು. ಆ ಮಾದರಿಯ ರೈಫಲಿಗೆ ಎರಡು ಹೊಡೆತಗಳ ನಡುವೆ ಸಮಯ ಬೇಕಲ್ಲ, ಆ ಸಮಯದಲ್ಲಿ ಅಮ್ಮನ ಬೆರಳುಗಳು ಸ್ಟಿಯರಿಂಗಿನ ಮೇಲೆ ಬಿಗಿಯಾಗಿರುತ್ತಿದ್ದವು. ಮುಂದಿನ ಸದ್ದು ಬಂದಾಗ ಸಡಿಲವಾಗುತ್ತಿದ್ದವು. ಮತ್ತೆ ಬಿಗಿ. ಅಪ್ಪ ಹೊರಗೆ ಬಂದು ಕಾರಿನ ಗಾಜು ತಟ್ಟಿದಾಗ ಅವಳು, "ಆಯ್ತಾ?" ಅನ್ನುತ್ತಿದ್ದಳು. ಅವನು "ಆತು" ಅನ್ನುತ್ತಿದ್ದ. ಅವನ ಕೋಟಿನಿಂದ ಸುಟ್ಟ ಗಂಧಕದ ವಾಸನೆ ಬರುತ್ತಿತ್ತು. ಚಳಿಗಾಲ ಹೋಗಿ ವಸಂತ ಬಂದರೂ ಇದು ಹೀಗೇ ನಡೆಯಿತು. ಅಪ್ಪ ಒಮ್ಮೆಯೂ ನೀನು ಬರಬೇಡ ಅನ್ನಲಿಲ್ಲ, ಅಮ್ಮ ಒಮ್ಮೆಯೂ ನಾನು ಯಾಕೆ ಬರುತ್ತೇನೆ ಎಂದು ಹೇಳಲಿಲ್ಲ.

ಬೇಸಿಗೆ ರಜೆ ಶುರುವಾಗಿದ್ದ ಒಂದು ಶನಿವಾರ ಅಪ್ಪ ಬೀಗದಕೈ ಹಿಡಿದು ಬಾಗಿಲಲ್ಲಿ ಶೂ ಹಾಕಿಕೊಂಡು ನಿಂತಿದ್ದ. ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಸೋಫಾದ ಮೇಲೆ ಕುಳಿತಿದ್ದಳು, ನೈಟಿಯಲ್ಲೇ.

"ಇವತ್ತು ನೀವು ಹೋಗ್ಬನ್ನಿ," ಅಂದಳು.

"ನಾ ಒಬ್ಬನs?"

"ಗ್ಯಾರಿ ಇರ್ತಾರಲ್ಲ ಅಲ್ಲಿ. ನಂಗೆ ತಲೆಗೆ ಸ್ನಾನ ಮಾಡ್ಬೇಕು."

ಅಪ್ಪ ಹೊರಗೆ ಹೋದ. ಕಾರು ಸ್ಟಾರ್ಟಾಯಿತು, ಆದರೆ ಸ್ವಲ್ಪ ಹೊತ್ತು ಹೊರಡಲಿಲ್ಲ. ನಾನು ಕಿಟಕಿಗೆ ಹೋದೆ. ಅವನು ಪಕ್ಕದ ಖಾಲಿ ಸೀಟಿನ ಮೇಲೆ ಕೈ ಇಟ್ಟುಕೊಂಡು ಮನೆಯ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಹೊರಟ. ಅಮ್ಮ ಸ್ನಾನಕ್ಕೆ ಏಳಲಿಲ್ಲ. ಐದು ನಿಮಿಷ ಅಂತ ಕಾಲು ಚಾಚಿದಳು, ಎಣ್ಣೆ ತಲೆ ಸೋಫಾಕ್ಕೆ ತಾಗದಿರಲಿ ಎಂದು ನಾನು ಕೆಳಗೆ ಟವೆಲ್ ಹಾಕಿದೆ. ಅವಳಿಗೆ ಗೊತ್ತಾಗಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಫೋನ್ ಬಂತು, ನಿಂತಿತು. ಬಿಸಿಲು ಕಾರ್ಪೆಟ್ಟಿನ ಮೇಲೆ ಸರಿದು ಅವಳ ಪಾದದವರೆಗೆ ಬಂತು.

ಮಧ್ಯಾಹ್ನಕ್ಕೆ ಮುಂಚೆ ಡ್ರೈವ್‌ವೇಯಲ್ಲಿ ಕಾರಿನ ಸದ್ದಾಯಿತು. ಅಮ್ಮ ಏಳಲಿಲ್ಲ. ಅಪ್ಪ ಒಳಗೆ ಬಂದು ಅವಳನ್ನು ನೋಡಿದ, ಅಲ್ಲೇ ನಿಂತ. ಎಬ್ಬಿಸಲೇ ಎಂದು ನಾನು ಸನ್ನೆ ಮಾಡಿದೆ.

"ಮಲಕೊಳ್ಳಲಿ ಬಿಡು," ಅಂತ ಪಿಸುಗುಟ್ಟಿ, ಬಗ್ಗಿ, ಸದ್ದಾಗದಂತೆ ಶೂ ಬಿಚ್ಚತೊಡಗಿದ.